ಆಶೀವಾರ್ದವೇ ಉಡುಗೊರೆ

ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು, ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ತಿರುಗಿಸುವ ಒಂದು ಪುಟ್ಟ ಪ್ರಾಜೆಕ್ಟ್ ನಮ್ಮದು. ಬರೆದಿರುವುದು ಜಾವಾ ಭಾಷೆಯಲ್ಲಿ. ಓಪನ್ ಸೋರ್ಸ್. ಒಟ್ಟು ಹನ್ನೊಂದು ಫೈಲು, ಐದು ಜನ. ಐವರಲ್ಲಿ ಮೂವರು ಸಲಹೆ ಕೊಡುವವರು.

ಬಗ್ ಒಂದೇ ಒಂದು. ಹಳೇ ನುಡಿ ಫೈಲಿನಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದನ್ನು ಎತ್ತಿ ಅಕ್ಷರದ ಮುಂಚೆ ಕೂರಿಸಬೇಕು. ನಮ್ಮ ಕೋಡ್ ಕೆಲವು ಕಡೆ ಎತ್ತುವುದನ್ನೇ ಮರೆಯುತ್ತದೆ. ತುಮಕೂರಿನ ಪ್ರೆಸ್ಸಿನವರೊಬ್ಬರು ಇದನ್ನು ಲಗ್ನಪತ್ರಿಕೆಗೆ ಬಳಸುತ್ತಾರೆ. ಅವರ ಪತ್ರಿಕೆಯ ಕೊನೇ ಸಾಲು 'ಆಶೀವಾರ್ದವೇ ಉಡುಗೊರೆ' ಅಂತ ಬರುತ್ತಿತ್ತು. ಪಾಪ, ನಾಲ್ಕು ವರ್ಷದಿಂದ ಕೇಳುತ್ತಲೇ ಇದ್ದರು.

ಹೋದ ವರ್ಷ ಇದಕ್ಕೆ ಒಂದು ಗತಿ ಕಾಣಿಸೋಣ ಅಂತ ಭಾನುವಾರ ಐವರೂ ಮೀಟಿಂಗ್‌ಗೆ ಕೂತೆವು. ಕೂತು ಐದು ನಿಮಿಷ ಆಗಿರಲಿಲ್ಲ, ನಮ್ಮಲ್ಲೇ ಚಿಕ್ಕವನೊಬ್ಬ ಅಂದ: "ನಾವಿನ್ನೂ ಆಂಟ್ ಬಳಸ್ತಿದ್ದೀವಿ ಅಂತ ಹೊರಗೆ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ." ಎಲ್ಲರೂ ಗಪ್‌ಚುಪ್. ಮನೆಗೆ ಸುಣ್ಣ ಬಳಿಸಿ ಎಷ್ಟು ವರ್ಷ ಆಯ್ತು ಅಂತ ನೆಂಟರು ಕೇಳಿದ ಹಾಗಾಯಿತು. ಅರ್ಕಾವತ್ತು ಅಲ್ಲಿಗೆ ಮುಗಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಬರೆದ ಕೋಡನ್ನು ಕಂಪೈಲ್ ಮಾಡಿ, ಪರೀಕ್ಷೆ ಮಾಡಿ, ಡಬ್ಬಿಗೆ ತುಂಬಿ ಕೊಡುವುದು ಬಿಲ್ಡ್ ಟೂಲ್‌ನ ಕೆಲಸ. ಆಂಟ್ ಅಂಥದ್ದೊಂದು ಟೂಲ್. ಅಡುಗೆಮನೆಯಲ್ಲಿ ಒಲೆ ಇದ್ದ ಹಾಗೆ. ಜಾವಾ ಜನ ಮಾತ್ರ ಅಡುಗೆಗಿಂತ ಜಾಸ್ತಿ ಹೊತ್ತು ಒಲೆ ಬದಲಿಸುವುದರಲ್ಲೇ ಕಳೆಯುತ್ತಾರೆ.

ಮೊದಲು ಇದ್ದದ್ದು ಮೇಕ್. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಒತ್ತಿದರೆ ಮುಂದಕ್ಕೇ ಹೋಗುವುದಿಲ್ಲ, ಮಡಿ ಅಜ್ಜಿ. ಜೇಮ್ಸ್ ಡಂಕನ್ ಡೇವಿಡ್‌ಸನ್ ಎಂಬವರಿಗೆ ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರ್ ಕಟ್ಟುವಾಗ ಇದು ಸಾಕುಸಾಕಾಗಿ ಆಂಟ್ ಬರೆದರು. 2000ದಲ್ಲಿ ಅದು ಬೇರೆಯಾಗಿ ಬಿಡುಗಡೆ ಆಯಿತು. ಆಂಟ್‌ನಲ್ಲಿ ಎಲ್ಲವನ್ನೂ ನಾವೇ ಹೇಳಬೇಕು, ಬೇಜಾರು ಅಂತ 2004ರಲ್ಲಿ ಮೇವನ್ 1.0 ಬಂತು. ಮೇವನ್‌ನಲ್ಲಿ ನಾವು ಹೇಳಿದ್ದೇನೂ ನಡೆಯಲ್ಲ, ಅದೂ ಬೇಜಾರು ಅಂತ 2012ರಲ್ಲಿ ಗ್ರೇಡಲ್ 1.0 ಬಂತು.

ಈಗ ತಮಾಷೆ ನೋಡಿ. ಯಾವ ಟಾಮ್‌ಕ್ಯಾಟ್‌ಗೋಸ್ಕರ ಆಂಟ್ ಹುಟ್ಟಿತೋ, ಆ ಟಾಮ್‌ಕ್ಯಾಟ್ ಇವತ್ತಿಗೂ ಆಂಟ್‌ನಲ್ಲೇ ಇದೆ. ಇನ್ನು ಜಾವಾದ ಕಥೆ? ಜಾವಾವನ್ನೇ ಕಟ್ಟುವ ಮೂಲ ಪ್ರಾಜೆಕ್ಟ್ ಓಪನ್‌ಜೆಡಿಕೆ. ಅದು ಬಿಲ್ಡ್ ಆಗುವುದು ಮೇಕ್‌ನಿಂದ! ಇಷ್ಟೆಲ್ಲ ಆಸ್ಪತ್ರೆ ಕಟ್ಟಿಸಿದ ಮೇಲೂ ಜಾವಾಗೆ ಹೆರಿಗೆ ಮಾಡಿಸುವವಳು ಅದೇ ಟ್ಯಾಬ್ ಅಜ್ಜಿ.

ಇದನ್ನು ಮೀಟಿಂಗ್‌ನಲ್ಲಿ ಹೇಳಿದೆ. "ಸಾರ್, ಅದು ಲೆಗಸಿ, ಹಳೇ ಕಾಲದ್ದು" ಅಂದ ಚಿಕ್ಕವನು. ಲೆಗಸಿ ಅಂದರೆ ಇನ್ನೂ ಕೆಲಸ ಮಾಡುತ್ತಿರುವುದು ಅಂತ ನಾನು ಅರ್ಥ ಮಾಡಿಕೊಂಡೆ.

ಮೇವನ್ ಕಡೆಯವರು ಒಬ್ಬರಿದ್ದರು. ಅವರದು ಮಠದ ಶಿಸ್ತು. ಕೋಡ್ ಎಂದರೆ ಇಂಥದ್ದೇ ಫೋಲ್ಡರ್, ಪರೀಕ್ಷೆ ಎಂದರೆ ಇಂಥದ್ದೇ ಫೋಲ್ಡರ್, ಪ್ರಶ್ನೆ ಕೇಳಬಾರದು. ಮೇವನ್‌ಗೆ ಏನು ಮಾಡಬೇಕು ಅಂತ ಹೇಳುವ ಪಾಮ್ ಫೈಲಿನ ತಲೆಯಲ್ಲಿ ಮಾಡೆಲ್ ವರ್ಷನ್ 4.0.0 ಅಂತ ಇರುತ್ತದೆ. ಮೇವನ್ 2 ಇದ್ದಾಗಲೂ ಅದೇ, ಮೇವನ್ 3 ಬಂದಾಗಲೂ ಅದೇ. ಯಾಕೆ ಅಂದೆ. "ಹಾಗೇ ಬರೀಬೇಕು" ಅಂದರು. ನಮ್ಮಜ್ಜಿ ನೆನಪಾದರು.

ಚಿಕ್ಕವನದು ಗ್ರೇಡಲ್. "ಸ್ಪ್ರಿಂಗ್ ಬೂಟ್‌ನವರೇ 2020ರಲ್ಲಿ ಮೇವನ್ ಬಿಟ್ಟು ಗ್ರೇಡಲ್‌ಗೆ ಬಂದ್ರು ಸಾರ್!" ಬಂದರು, ನಿಜ. ಆದರೆ ಅದು ಜಾವಾ ಲೋಕದ ಒಂದು ದೊಡ್ಡ ಪ್ರಾಜೆಕ್ಟ್. ಅವರಿಗೆ ಬಿಲ್ಡ್ ಮುಗಿಯುವುದಕ್ಕೆ ಒಂದು ಗಂಟೆ, ಅದಕ್ಕೂ ಜಾಸ್ತಿ ಕಾಯಬೇಕಿತ್ತು. ನಮ್ಮದು ಎರಡು ಸೆಕೆಂಡಿನದು. ಪಕ್ಕದ ಮನೆಯವರು ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡರು ಅಂತ ನಾವೂ ಹಾಕಿಸಿಕೊಂಡೆವು. ಮೂರಕ್ಕೆ ಎರಡು ವೋಟಿನಲ್ಲಿ ಗ್ರೇಡಲ್ ಗೆದ್ದಿತು.

ಗೆದ್ದ ಮೇಲೆ, ಬಿಲ್ಡ್ ಫೈಲ್ ಬರೆಯುವುದು ಗ್ರೂವಿ ಭಾಷೆಯಲ್ಲೋ ಕಾಟ್ಲಿನ್ ಭಾಷೆಯಲ್ಲೋ ಅಂತ ಶುರುವಾಯಿತು. ಜಾವಾ ಪ್ರಾಜೆಕ್ಟು, ಗೊತ್ತಿರುವುದು ಜಾವಾ, ಆದರೆ ಜಾವಾದಲ್ಲಿ ಬರೆಯುವ ಹಾಗಿಲ್ಲ. ಮೂರು ಭಾನುವಾರ ಹೋಯಿತು. ಕೊನೆಗೆ ಕಾಟ್ಲಿನ್ ಅಂತ ಆಯಿತು. ಅದು ಯಾರಿಗೂ ಬರುತ್ತಿರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ.

ಮೊದಲ ಸಲ ಓಡಿಸಿದ್ದು ನಾನೇ. ತುಂಬಿ ಕೊಡುವ ಡಬ್ಬಿ, ಅಂದರೆ ನಮ್ಮ ಜಾರ್ ಫೈಲ್, 64 ಕೆಬಿ. ಅದನ್ನು ಕಟ್ಟುವುದಕ್ಕೆ ಗ್ರೇಡಲ್ ನೂರು ಎಂಬಿ ಮೀರಿದ ಜಿಪ್ ಇಳಿಸಿಕೊಂಡಿತು. ಆಮೇಲೆ ಅದರ ಪ್ಲಗಿನ್ನು, ಪ್ಲಗಿನ್ನಿನ ನೆಂಟರು, ನೆಂಟರ ಬೀಗರು. ಸ್ಕ್ರೀನ್ ಮೇಲೆ ಒಂದೊಂದೇ ಹೆಸರು ಹಾದುಹೋಗುವುದನ್ನು ನೋಡುತ್ತಾ ಕಾಫಿ ಮುಗಿಸಿದೆ. ಹಳೇ ಅಭ್ಯಾಸದಲ್ಲಿ ಲೈಬ್ರರಿ ಸಾಲಿಗೆ 'ಕಂಪೈಲ್' ಅಂತ ಬರೆದಿದ್ದೆ. ಹಾಗಂದರೇನು ಅಂತ ಕೇಳಿತು. 2021ರಲ್ಲಿ, ಗ್ರೇಡಲ್ 7 ಬಂದಾಗ ಆ ಪದವನ್ನೇ ತೆಗೆದುಹಾಕಿದ್ದಾರೆ. ಈಗ 'ಇಂಪ್ಲಿಮೆಂಟೇಶನ್' ಅನ್ನಬೇಕಂತೆ. ಅಂದೆ. ಒಪ್ಪಿತು. ಹಸಿರು ಅಕ್ಷರದಲ್ಲಿ ಬಿಲ್ಡ್ ಸಕ್ಸೆಸ್‌ಫುಲ್ ಬಂತು. ಜೊತೆಗೇ ಇನ್ನೊಂದು ಸಾಲು: ನೀವು ಬಳಸಿದ ಕೆಲವು ಸೌಲಭ್ಯ ಹಳತಾಗಿವೆ, ಗ್ರೇಡಲ್ 9ರಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಹಳಸಿತ್ತು.

ಕೆಲಸ ಮುಗಿದರೂ ಲ್ಯಾಪ್‌ಟಾಪ್ ಫ್ಯಾನ್ ಗುಯ್ ಅನ್ನುತ್ತಲೇ ಇತ್ತು. ನೋಡಿದರೆ, ಗ್ರೇಡಲ್‌ನ ಡೀಮನ್ ಎಂಬುದು ಹಿಂದೆ ಕೂತಿದೆ. ಇನ್ನೇನಾದರೂ ಬಿಲ್ಡ್ ಇದ್ದರೆ ಬೇಗ ಆಗಲಿ ಅಂತ ಮೂರು ಗಂಟೆ ಕಾಯುತ್ತದಂತೆ. ಒಂದು ಲೋಟ ಕಾಫಿ ಕುಡಿದು, ಊಟದ ಹೊತ್ತಾಯ್ತಲ್ಲ ಅಂತ ಜಗಲಿಯಲ್ಲೇ ಕೂತ ನೆಂಟರು ನಿಮಗೂ ಗೊತ್ತಿರಬೇಕು.

ಹೀಗೆ ಮೂರು ತಿಂಗಳು, ನಲವತ್ತೊಂದು ಕಮಿಟ್, ಅಂದರೆ ಕೋಡಿಗೆ ನಲವತ್ತೊಂದು ಸಲ ತಿದ್ದುಪಡಿ. ಕನ್ನಡ ಅಕ್ಷರ ಮುಟ್ಟಿದ ಕಮಿಟ್ ಸೊನ್ನೆ. ಕೊನೆಗೆ ಒಂದು ಸಂಜೆ 2.0 ಅಂತ ಬಿಡುಗಡೆ ಮಾಡಿದೆವು. ಬದಲಾವಣೆಗಳ ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು, ಆದರೆ ಅದರ ಕೊನೆಗೆ ರಾಕೆಟ್ ಚಿತ್ರ ಹಾಕಿದ್ದ ಚಿಕ್ಕವನು.

ಮರುದಿನ ಬೆಳಿಗ್ಗೆಯೇ ಪ್ರೆಸ್ಸಿನವರ ಫೋನು.

"ಸಾರ್, ಹೊಸದು ಬಂತಂತಲ್ಲ! ಅರ್ಕಾವತ್ತು ಸರಿ ಹೋಯ್ತಾ?"

"ಅದು ಇನ್ನೂ ಇಲ್ಲ. ನಾವು ಗ್ರೇಡಲ್‌ಗೆ ಬಂದ್ವಿ."

"ಎಲ್ಲಿಗೆ ಬಂದ್ರಿ?"

ಹೇಗೆ ವಿವರಿಸುವುದು? ಒಳಗಿನ ವ್ಯವಸ್ಥೆ, ಮುಂದೆ ಅನುಕೂಲ ಆಗುತ್ತೆ ಅಂತ ಏನೇನೋ ತೊದಲಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಇರ್ಲಿ ಬಿಡಿ ಸಾರ್, ತಲೆ ಕೆಡಿಸ್ಕೋಬೇಡಿ. ಆ ಆಶೀರ್ವಾದದ ಸಾಲನ್ನೇ ನಾನು ಕಿತ್ತುಹಾಕ್ಬಿಟ್ಟೆ. ಈಗ ಮದುವೆಗೆ ಬಂದೋರೆಲ್ಲ ಉಡುಗೊರೆ ತರ್ತಾರೆ. ಪಾರ್ಟಿಗಳು ಭಾರೀ ಖುಷಿಯಾಗಿದಾರೆ."