ಒಬ್ಬನೇ ಕಟ್ಟಿದನಂತೆ!

ನನ್ನ ರೈಲು ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಇರಬೇಕು, ಯಾರೋ ಪುಣ್ಯಾತ್ಮರು ಬೆಳಿಗ್ಗೆ ಬೆಳಿಗ್ಗೆ ಒಂದು ರೀಲ್ ಕಳಿಸಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ರಾಜಕಾರಣಿಯೂ ರೈಲ್ವೆ ಧಣಿಯೂ ಆಗಿದ್ದ ಜ್ಯೂರಿಕ್‌ನ ಆಲ್ಫ್ರೆಡ್ ಎಶರ್ ಬಗ್ಗೆ. ಢಂ ಢಂ ಮ್ಯೂಸಿಕ್ ಬೇರೆ. 'ಒಬ್ಬನೇ ಮನುಷ್ಯ ಆಧುನಿಕ ಸ್ವಿಟ್ಜರ್ಲೆಂಡ್ ಕಟ್ಟಿದ' ಅಂತ ಶುರು. ತಲೆ ಕೆಟ್ಟುಹೋಯಿತು.

ಒಬ್ಬನೇ ಅಂತೆ! ಆಲ್ಪ್ಸ್ ಬೆಟ್ಟದೊಳಗಿನ 15 ಕಿಲೋಮೀಟರ್ ಗೊಟ್ಹಾರ್ಡ್ ರೈಲು ಸುರಂಗವನ್ನು ಕೋಟು ಹಾಕಿಕೊಂಡು ಒಬ್ಬನೇ ಕೊರೆದನಾ?

ಆಸಾಮಿ ಸಾಮಾನ್ಯನಲ್ಲ, ಒಪ್ಪಿದೆ. ಐನ್‌ಸ್ಟೈನ್ ಓದಿದ ಜ್ಯೂರಿಕ್‌ನ ಪಾಲಿಟೆಕ್ನಿಕ್ 1855ರಲ್ಲಿ ಶುರುವಾಗಿದ್ದರ ಹಿಂದೆ ಇವನಿದ್ದ. ರೈಲಿಗೆ ದುಡ್ಡು ಬೇಕು ಅಂತ 1856ರಲ್ಲಿ ಬ್ಯಾಂಕನ್ನೇ ಕಟ್ಟಿದ. ಅದೇ ಕ್ರೆಡಿಟ್ ಸ್ವಿಸ್. (2023ರಲ್ಲಿ ಯುಬಿಎಸ್ ಅನ್ನೋ ಇನ್ನೊಂದು ಬ್ಯಾಂಕಿನ ಪಾಲಾಯಿತು, ಬಿಡಿ.) ಸಂಸತ್ತು, ಬ್ಯಾಂಕು, ರೈಲ್ವೆ ಕಂಪನಿ, ಎಲ್ಲಿ ನೋಡಿದರೂ ಇವನದೇ ಕುರ್ಚಿ.

ಆದರೆ ಬಂಡೆ ಒಡೆದವರು ಇಟಲಿಯ ಬಡ ಕೂಲಿಗಳು. ಸುರಂಗದ ಉತ್ತರ ತುದಿಯ ಗೋಶೆನೆನ್ ಕಡೆಯಿಂದ ಒಂದು ಗುಂಪು, ದಕ್ಷಿಣ ತುದಿಯ ಐರೋಲೊ ಕಡೆಯಿಂದ ಇನ್ನೊಂದು. ಒಳಗೆ 30 ಡಿಗ್ರಿ ದಾಟಿದ ಸೆಕೆ, ಡೈನಮೈಟ್ ಹೊಗೆ, ಕಾಲ ಕೆಳಗೆ ಗಲೀಜು ಕೆಸರು. ಆ ಕೆಸರಿನಿಂದಲೇ ಕೊಕ್ಕೆಹುಳು ಮೈಗೆ ಹತ್ತಿ ಎಷ್ಟೋ ಜನ ರಕ್ತವಿಲ್ಲದೆ ಬಿಳುಚಿಕೊಂಡರು. 1875ರಲ್ಲಿ ಮುಷ್ಕರ ಹೂಡಿದರೆ ಸಿಕ್ಕಿದ್ದು ಗುಂಡು. ನಾಲ್ವರು ಸತ್ತರು. ಕೆಲಸ ಮುಗಿಯುವ ಹೊತ್ತಿಗೆ ಸರ್ಕಾರಿ ಲೆಕ್ಕದಲ್ಲೇ ಸುಮಾರು 200 ಹೆಣ.

ಎಶರ್ ಮನೆತನದ ಆಸ್ತಿಯ ಕಥೆಯನ್ನಂತೂ ರೀಲ್ ಮುಟ್ಟಿಯೇ ಇಲ್ಲ. ಚಿಕ್ಕಪ್ಪನಿಗೆ ಕ್ಯೂಬಾದಲ್ಲಿ ಕಾಫಿ ತೋಟವಿತ್ತು, ದುಡಿಯಲು 80ಕ್ಕೂ ಹೆಚ್ಚು ಗುಲಾಮರಿದ್ದರು. ಆಮೇಲೆ ಅದು ಅಪ್ಪನ ಕೈಗೆ ಬಂತು, ಅವನು ಮಾರಿದ.

'ಕಾಲ ಹಾಗಿತ್ತು, ದುಡ್ಡು ಹೊಂದಿಸುವವನಿಲ್ಲದಿದ್ದರೆ ಸುರಂಗವೆಲ್ಲಿ' ಅಂತೀರಾ? ಸರಿ ಸ್ವಾಮಿ. ಹಾಗಾದರೆ 'ದುಡ್ಡು ಹೊಂದಿಸಿದ' ಅನ್ನಿ. 'ಒಬ್ಬನೇ ಕಟ್ಟಿದ' ಯಾಕೆ?

ಇಷ್ಟೆಲ್ಲ ಬೈದರೂ, ನಿಜ ಹೇಳಲಾ? ನನಗೆ ಅವನ ಮೇಲೆ ಪಾಪ ಅನ್ನಿಸುತ್ತದೆ. ಖರ್ಚು ಕೈಮೀರಿತು ಅಂತ 1878ರಲ್ಲಿ ಸುರಂಗ ಕಟ್ಟಿಸುತ್ತಿದ್ದ ಗೊಟ್ಹಾರ್ಡ್ ರೈಲ್ವೆ ಕಂಪನಿಯಿಂದ ಅವನನ್ನೇ ಹೊರಗೆ ಹಾಕಿದರು. 1880ರಲ್ಲಿ ಎರಡೂ ಕಡೆಯವರು ಕೊರೆದು ಸೇರಿದಾಗ ಕರೆಯಲೂ ಇಲ್ಲ. ಸುರಂಗದೊಳಗೇ ಜೀವ ಬಿಟ್ಟ ಕಂಟ್ರಾಕ್ಟರ್ ಫಾವ್ರೆಯ ಫೋಟೋವನ್ನಾದರೂ ಡಬ್ಬಿಯಲ್ಲಿಟ್ಟು ಆ ಕಿಂಡಿಯಿಂದ ದಾಟಿಸಿದರು. ಎಶರ್‌ಗೆ ಅದೂ ಇಲ್ಲ.

ಹಾಗಂತ ಜಾಸ್ತಿ ಅಳಬೇಕಿಲ್ಲ. ಅವನು ತೀರಿಕೊಂಡಿದ್ದು 1882ರಲ್ಲಿ, 1889ಕ್ಕೆಲ್ಲ ಜ್ಯೂರಿಕ್ ಸ್ಟೇಷನ್ ಮುಂದೆ ಪ್ರತಿಮೆ ಎದ್ದಿತ್ತು. ಸತ್ತ ಕೂಲಿಗಳಿಗಾಗಿ ಶಿಲ್ಪಿ ವಿನ್ಚೆಂಜೊ ವೆಲಾ ಯಾರೂ ಕೇಳದೆಯೇ ಒಂದು ಉಬ್ಬುಶಿಲ್ಪ ಮಾಡಿಟ್ಟಿದ್ದ. ಅದು ಕಂಚಾಗಿ ಐರೋಲೊದಲ್ಲಿ ನಿಂತಿದ್ದು 1932ರಲ್ಲಿ! ಅವರು ಒಬ್ಬರಲ್ಲ, ತುಂಬ ಜನ ಅಲ್ವಾ, ಅದಕ್ಕೇ ಲೇಟಾಯಿತೇನೋ.