ಸ್ಪಷ್ಟನೆ: ಆ ಬೆಳಕು ಕಿಟಕಿಯದ್ದಲ್ಲ

ಇಟಲಿಯ ಚಿತ್ರಕಾರ ಕಾರವಾಜ್ಜಿಯೋನ 'ಸಂತ ಮತ್ತಾಯನಿಗೆ ಕರೆ' ಚಿತ್ರದ (ತೆರಿಗೆ ವಸೂಲಿಗಾರ ಮತ್ತಾಯನನ್ನು ಕ್ರಿಸ್ತ ಶಿಷ್ಯನಾಗಲು ಕರೆಯುವ ದೃಶ್ಯ) ಜೊತೆ ಒಂದು ಬರಹ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ: "ನೆರಳು-ಬೆಳಕಿನ ಚಿತ್ರಕಲೆ ಕಂಡುಹಿಡಿದವನೇ ಇವನು. ಇಲ್ಲಿ ಬೆಳಕು ಬರುತ್ತಿರುವುದು ಹಿಂಗೋಡೆಯ ಕಿಟಕಿಯಿಂದ." ಎರಡೂ ತಪ್ಪು.

ಮೊದಲನೆಯದಕ್ಕೆ ಹೆಚ್ಚು ಮಾತು ಬೇಡ. ಅವನು ಹುಟ್ಟಿದ್ದು 1571ರಲ್ಲಿ. ಲಿಯೊನಾರ್ಡೊ ದ ವಿಂಚಿ ತೀರಿಕೊಂಡದ್ದೇ 1519ರಲ್ಲಿ, ಅವನ ಚಿತ್ರಗಳಲ್ಲಿ ಆಗಲೇ ನೆರಳು-ಬೆಳಕಿನ ಆಟವಿತ್ತು. ಕಾರವಾಜ್ಜಿಯೋ ಮಾಡಿದ್ದು ಆ ಕತ್ತಲನ್ನು ಇನ್ನಷ್ಟು ದಟ್ಟಗೊಳಿಸಿ, ಅಂಚನ್ನು ಹರಿತಗೊಳಿಸಿದ್ದು.

ಇನ್ನು ಕಿಟಕಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಕಿಟಕಿ ಮಬ್ಬಾಗಿದೆ, ಅಲ್ಲಿಂದ ಒಂದು ಎಳೆ ಬೆಳಕೂ ಒಳಗೆ ಬರುತ್ತಿಲ್ಲ. ಬೆಳಕು ಬೀಳುತ್ತಿರುವುದು ಬಲಗಡೆ, ಕ್ರಿಸ್ತನ ತಲೆಯ ಮೇಲಿಂದ, ಚೌಕಟ್ಟಿನ ಆಚೆಯಿಂದ. ಅದು ಓರೆಯಾಗಿ ಗೋಡೆ ಸವರಿ, ಹಣ ಎಣಿಸುತ್ತ ಕುಳಿತವರ ಮುಖಕ್ಕೆ ತಾಗುತ್ತದೆ. ಕ್ರಿಸ್ತನಾದರೋ ಬಹುಪಾಲು ನೆರಳಿನಲ್ಲೇ ನಿಂತಿದ್ದಾನೆ. ಮುಖದ ಒಂದು ಪಕ್ಕ ಮತ್ತು ಚಾಚಿದ ಕೈ ಮಾತ್ರ ಕಾಣುತ್ತವೆ. ನನಗೆ ಈ ಚಿತ್ರದ ಜಾಣತನವೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ.

ಬೆಳಕು ಬಲಗಡೆಯಿಂದ ಬರುವುದಕ್ಕೊಂದು ವ್ಯಾವಹಾರಿಕ ಕಾರಣವೂ ಉಂಟು. 1599-1600ರಲ್ಲಿ ಬರೆದ ಈ ಚಿತ್ರ ಇಂದಿಗೂ ರೋಮ್‌ನ ಸಾನ್ ಲೂಯಿಜಿ ದೇಯ್ ಫ್ರಾಂಚೇಜಿ ಚರ್ಚಿನ ಕಾಂಟರೆಲ್ಲಿ ಪ್ರಾರ್ಥನಾಕೋಣೆಯ ಎಡಗೋಡೆಯಲ್ಲಿದೆ. ಆ ಕೋಣೆಯ ನಿಜವಾದ ಕಿಟಕಿ ಇರುವುದು ಬಲಿಪೀಠದ ಮೇಲೆ, ಅಂದರೆ ಚಿತ್ರದ ಬಲಕ್ಕೆ. ಚಿತ್ರದೊಳಗಿನ ಬೆಳಕನ್ನು ಕಲಾವಿದ ಅದಕ್ಕೇ ಹೊಂದಿಸಿದ್ದಾನೆ.