ಸತ್ಯಾಂಶ: ಬಂಗಡೆಯ ಪ್ರೋಟೀನ್ ನೇರ ವೀರ್ಯಾಣುವಿಗೆ ಹೋಗುವುದಿಲ್ಲ

‘7 ದಿನ ಬಂಗಡೆ ತಿನ್ನಿ, ಅದರ ಪ್ರೋಟೀನ್ ವೀರ್ಯಾಣು ಸೇರುತ್ತದೆ, ಮಕ್ಕಳಾಗುತ್ತವೆ’ ಅಂತ ಒಂದು ಸಂದೇಶ ಕಾರವಾರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ತಪ್ಪು. ಬಂಗಡೆ ಒಳ್ಳೆಯ ಊಟವೇ, ಆದರೆ ಅದರ ಪ್ರೋಟೀನ್ ಹೊಟ್ಟೆ, ಕರುಳಿನಲ್ಲೇ ಒಡೆದು ಅಮೈನೋ ಆಮ್ಲ ಎಂಬ ಸಣ್ಣ ತುಣುಕುಗಳಾಗುತ್ತದೆ.

ವೀರ್ಯಾಣುವಿನ ಪ್ರೋಟೀನ್ ಬಹುಪಾಲು ತಯಾರಾಗುವುದು ವೃಷಣದಲ್ಲೇ. ವೀರ್ಯಾಣು ಬಲಿಯುವಾಗ ಡಿಎನ್ಎ ಸುತ್ತಿಕೊಂಡಿದ್ದ ಹಿಸ್ಟೋನ್ ಎಂಬ ಪ್ರೋಟೀನ್‌ಗಳು ಬಹುಪಾಲು ಜಾಗ ಬಿಡುತ್ತವೆ, ಕೊನೆಗೆ ಪ್ರೋಟಮೈನ್ ಎಂಬ ಬೇರೆ ಪ್ರೋಟೀನ್‌ಗಳು ಬಂದು ಡಿಎನ್ಎಯನ್ನು ಬಲೆ ಮಡಚಿಟ್ಟ ಹಾಗೆ ಒತ್ತಾಗಿ ಕಟ್ಟುತ್ತವೆ. ಪ್ರೋಟಮೈನ್ ಮೊದಲು ಸಿಕ್ಕಿದ್ದು ಮೀನಿನ ವೀರ್ಯದಲ್ಲೇ, 1874ರಲ್ಲಿ, ಅದು ನಿಜ; ಆದರೆ ಮೀನು ತಿಂದರೆ ಅದು ನಮ್ಮ ವೀರ್ಯಾಣುವಿಗೆ ಸೇರುವುದಿಲ್ಲ. ಮನುಷ್ಯರಲ್ಲಿ ಪ್ರೋಟಮೈನ್ ಎರಡು ಬಗೆ ಇವೆ, ಹೆಚ್ಚುಕಮ್ಮಿ ಸಮವಾಗಿರಬೇಕು. ಏರುಪೇರಾದರೆ ಡಿಎನ್ಎ ಹಾಳಾಗಬಹುದು, ಗರ್ಭ ನಿಲ್ಲುವುದು ಕಷ್ಟವಾಗಬಹುದು.

ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, 7 ದಿನ ಸಾಲುವುದಿಲ್ಲ. ವರ್ಷ ಕಳೆದರೂ ಮಕ್ಕಳಾಗದಿದ್ದರೆ ಸುಮ್ನೆ ಹೆಂಡತಿಯನ್ನು ದೂರಬೇಡಿ, ಇಬ್ಬರೂ ವೈದ್ಯರಿಗೆ ತೋರಿಸಿ.